ಹಲಗೆಯ ಸಂದಿನ ಬೆಳಕು

ಬೋರಲು ಹಾಕಿದ್ದ ದೋಣಿಯ ಕೆಳಗೆ ನುಸುಳಿ, ಮರಳಿನ ಮೇಲೆ ಅಂಗಾತ ಮಲಗಿ ಮೇಲೆ ನೋಡಿದಾಗ ನನಗೆ ಮೊದಲು ಕಂಡದ್ದು ಬೆಳಕು. ಹಲಗೆ ಹಲಗೆಗಳ ನಡುವೆ, ಮೂತಿಯಿಂದ ಬಾಲದವರೆಗೆ, ಉದ್ದುದ್ದನೆಯ ಬೆಳ್ಳಗಿನ ಗೆರೆಗಳು. ಹೊರಗೆ ಯಾರಾದರೂ ನಡೆದರೆ ಅವು ಒಂದೊಂದಾಗಿ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ನನ್ನ ಸೀರೆಯ ಮೇಲೆ, ಕೈಯ ಮೇಲೆ, ಬಳೆಗಳ ಮೇಲೆಲ್ಲ ಬೆಳಕಿನ ಪಟ್ಟೆಗಳು ಬಿದ್ದಿದ್ದವು. ಎಷ್ಟು ಚೆಂದವಾಗಿದೆ ಅಂದುಕೊಂಡೆ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಬೆಳಕು ಬರುವಲ್ಲೆಲ್ಲ ನೀರೂ ಬರುತ್ತದೆ.

ಆ ದೋಣಿಯನ್ನು ನಾವು ಮೂವರು ಹೆಂಗಸರು ಕೂಡಿ ಕೊಂಡಿದ್ದೆವು. ನಾನು, ನನ್ನ ಅಮ್ಮನ ತಂಗಿ ಮಾದೇವಿ ಚಿಕ್ಕಮ್ಮ, ಮತ್ತು ಪಕ್ಕದ ಮನೆಯ ಹೊನ್ನಿ. ನಮ್ಮ ಊರು ಹೊಳೆ ಸಮುದ್ರಕ್ಕೆ ಸೇರುವ ಬಾಯಿಯಲ್ಲಿದೆ. ಇಳಿತದ ಹೊತ್ತಿಗೆ ಹೊಳೆಯ ನಡುವೆ ಒಂದು ಮರಳಿನ ದಿಬ್ಬ ಮೇಲೇಳುತ್ತದೆ. ಅದರ ಹಸಿ ಮರಳು ಕೆದಕಿದರೆ ಬಳಚು ಸಿಗುತ್ತದೆ. ಚಿಪ್ಪು ಮುಚ್ಚಿಕೊಂಡು ಒಳಗೆ ಕೂತಿರುವ ಆ ಪುಟ್ಟ ಜೀವವನ್ನು ಸಾರು ಮಾಡಿ ತಿನ್ನದ ಮನೆ ನಮ್ಮಲ್ಲಿಲ್ಲ. ಅದನ್ನು ಹೆಕ್ಕುವುದು ಹೆಂಗಸರ ಕೆಲಸ. ಹೆಂಗಸರನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿ ಬರುವುದು ಗಂಡಸರ ಕೆಲಸ. ಹೆಂಗಸರು ಹುಟ್ಟು ಹಿಡಿಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅಥವಾ ಇರಲಿಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಮ್ಮ ಕೇರಿಯ ಹೆಂಗಸರೆಲ್ಲ ಪರಮಯ್ಯನ ದೋಣಿಯಲ್ಲಿ ಹೋಗುತ್ತಿದ್ದೆವು. ಅವನು ನಮ್ಮನ್ನು ದಿಬ್ಬದ ಮೇಲೆ ಇಳಿಸಿ, ತಾನು ದಡಕ್ಕೆ ವಾಪಸಾಗಿ, ಚಹಾ ಕುಡಿದು, ಎಲೆ ಹಾಕಿ, ಮನಸ್ಸು ಬಂದಾಗ ಕರೆಯಲು ಬರುತ್ತಿದ್ದ. ಹಿಂದಿನ ವರ್ಷ ಒಂದು ಸಂಜೆ ಅವನಿಗೆ ಮನಸ್ಸು ಬರುವುದು ತಡವಾಯಿತು. ಭರತದ ನೀರು ದಿಬ್ಬದ ಮೇಲೆ ಹರಿಯಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ತಲೆಯ ಮೇಲೆ ಬುಟ್ಟಿ ಹೊತ್ತು ನಿಂತೆವು. ಕುಳ್ಳಗಿದ್ದ ಮಾದೇವಿ ಚಿಕ್ಕಮ್ಮನ ಗಲ್ಲಕ್ಕೆ ನೀರು ಮುಟ್ಟಿದಾಗ ಅವಳು ಬುಟ್ಟಿಯನ್ನು ಬಿಟ್ಟುಬಿಟ್ಟಳು. ಅದು ಕತ್ತಲಾಗುತ್ತಿದ್ದ ಹೊಳೆಯಲ್ಲಿ ಸ್ವಲ್ಪ ದೂರ ತೇಲಿ ಮರೆಯಾಯಿತು. ಪರಮಯ್ಯ ಬಂದಾಗ ನಗುತ್ತಿದ್ದ. "ಬಂದ್ನಲ್ಲ! ಎಂತಕೆ ಕೂಗುದು? ಅಷ್ಟು ಹೆದರಿಕೆ ಆದ್ರೆ ಸ್ವಂತ ದೋಣಿ ತಕಳ್ರೇ" ಅಂದ.

ಚಿಕ್ಕಮ್ಮ ಆ ಮಾತನ್ನು ಮರೆಯಲಿಲ್ಲ. ಮಳೆಗಾಲವಿಡೀ ಅದನ್ನು ಬಾಯಲ್ಲಿ ಎಲೆಯಡಿಕೆಯ ಹಾಗೆ ಆಡಿಸುತ್ತಿದ್ದಳು. ಮಳೆ ಹಿಂದೆ ಸರಿಯುವ ಹೊತ್ತಿಗೆ ಒಂದು ದಿನ ಸೀದಾ ಬೀರಜ್ಜನ ಮನೆಗೆ ಹೋಗಿ, ಅವನ ಕೊಟ್ಟಿಗೆಯಲ್ಲಿ ಆರು ವರ್ಷದಿಂದ ಬೋರಲು ಬಿದ್ದಿದ್ದ ದೋಣಿಯನ್ನು ಕೇಳಿಬಿಟ್ಟಳು. ಒಂದು ಕಾಲಕ್ಕೆ ಬೀರಜ್ಜ ಹೊಳೆಯ ಮೇಲೆ ಹೆಸರಾದ ಅಂಬಿಗ. ಅವನ ದೋಣಿ ಕತ್ತಲು ಹರಿಯುವ ಮೊದಲೇ ಹೋಗಿ, ಬೇರೆಯವರು ಏಳುವಷ್ಟರಲ್ಲಿ ಮೀನು ತುಂಬಿಕೊಂಡು ಬರುತ್ತಿತ್ತಂತೆ. ಹೆಂಡತಿ ಮಂಕಾಳಿ ತೀರಿಕೊಂಡ ವರ್ಷ ಅವನು ದೋಣಿಯನ್ನು ಮಗುಚಿ ಹಾಕಿದವನು ಮತ್ತೆ ನೀರಿಗೆ ಇಳಿಸಲಿಲ್ಲ. ಪರಮಯ್ಯನೇ ಎರಡು ಸಲ ಕೇಳಿದ್ದನಂತೆ, ಕೊಟ್ಟಿರಲಿಲ್ಲ. ಚಿಕ್ಕಮ್ಮ ಕೇಳಿದಾಗ ಮಾತ್ರ ಬಹಳ ಹೊತ್ತು ಅವಳ ಮುಖ ನೋಡಿ, "ಹುಟ್ಟು ಹಾಕುದು ಯಾರು?" ಅಂದನಂತೆ.

"ನಾವೇಯ" ಅಂದಿದ್ದಳು ಚಿಕ್ಕಮ್ಮ.

"ಹಂಗಾರೆ ತಕಂಡು ಹೋಗಿ."

ನಮ್ಮ ಹತ್ತಿರ ಹೆಚ್ಚು ದಿನಗಳಿರಲಿಲ್ಲ. ಮಳೆ ಕಳೆದ ಮೇಲೆ ಬರುವ ಮೊದಲ ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ದಿಬ್ಬ ಪೂರ್ತಿ ಮೇಲೇಳುತ್ತದೆ. ಆ ದಿನ ಒಂದೊಂದು ದೋಣಿಯ ಹೆಂಗಸರು ದಿಬ್ಬದ ಒಂದೊಂದು ಕಡೆ ಕೋಲು ನೆಡುತ್ತಾರೆ. ಕೋಲು ನೆಟ್ಟ ಜಾಗ ಬೇಸಗೆ ಮುಗಿಯುವವರೆಗೂ ಆ ದೋಣಿಯದು. ಆ ದಿನ ತಪ್ಪಿದರೆ ವರ್ಷವೇ ತಪ್ಪಿದಂತೆ. ಇನ್ನೊಬ್ಬರ ಕೋಲಿನ ಕೆಳಗೆ ಅವರು ಬಿಟ್ಟದ್ದನ್ನು ಹೆಕ್ಕಬೇಕು. ನಮ್ಮ ಮಟ್ಟಿಗೆ ಅದರ ಅರ್ಥ ಪರಮಯ್ಯನ ಮುಂದೆ ಮತ್ತೆ ಹೋಗಿ ನಿಲ್ಲುವುದು. ಅವನು ಆಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದ: ಇಳಿದು ಹೋದವರನ್ನು ಮತ್ತೆ ಹತ್ತಿಸಿಕೊಳ್ಳುವುದಿಲ್ಲ.

ದೋಣಿ ನಮ್ಮ ತೆಂಗಿನಮರದ ಬುಡಕ್ಕೆ ಬಂದ ದಿನವೇ ನಾನು ಅದರ ಕೆಳಗೆ ನುಸುಳಿ ಬೆಳಕಿನ ಗೆರೆಗಳನ್ನು ಕಂಡದ್ದು. ಹೊನ್ನಿ ಹೊರಗಿನಿಂದ ಒಂದು ಸಂದಿಗೆ ಬಾಯಿಟ್ಟು, "ಒಳಗೆ ಯಾರೇ? ಇದು ದೋಣಿಯಾ, ಜಾಲರಿಯಾ?" ಅಂತ ಕೂಗಿದಳು.

"ಇದರಾಗೆ ನೀರು ನಿಲ್ಲುದಿಲ್ಲ ಕಾಣೇ. ಬಂದದ್ದು ಹಂಗೇ ಆಚೆ ಬದಿಗೆ ಹೋತದೆ" ಅಂದೆ.

ಸಂದು ತುಂಬುವ ಕೆಲಸವನ್ನು ನಾನು ವಹಿಸಿಕೊಂಡೆ. ನನ್ನ ಕೈಗೆಲಸ ಅಚ್ಚುಕಟ್ಟು ಅಂತ ಎಲ್ಲರೂ ಹೇಳುತ್ತಿದ್ದರು. ಅದನ್ನು ನಾನು ಕಲಿತದ್ದು ಗಂಡನ ಮನೆಯಲ್ಲಿ. ಹನ್ನೊಂದು ವರ್ಷ ಅಲ್ಲಿದ್ದೆ. ಅಲ್ಲಿ ಯಾರೂ ನನಗೆ ಹೊಡೆಯಲಿಲ್ಲ, ಬಡಿಯಲಿಲ್ಲ. ಹೇಳಿಕೊಂಡು ಅಳುವಂಥದ್ದು ಏನೂ ನಡೆಯಲಿಲ್ಲ. ಆದರೆ ಅಲ್ಲಿ ಯಾವುದೂ ಹೊರಗೆ ಕಾಣಬಾರದು. ಮಕ್ಕಳಾಗದ್ದು ಕಾಣಬಾರದು, ಗಂಡ ಮಾತು ಬಿಟ್ಟದ್ದು ಕಾಣಬಾರದು, ನಾನು ಅತ್ತದ್ದು ಕಾಣಬಾರದು. ಎಲ್ಲ ಕಡೆ ತುಂಬಿ, ಒತ್ತಿ, ಸಾರಿಸಿ ಇಡುವುದರಲ್ಲಿ ನಾನು ಪಳಗಿಬಿಟ್ಟಿದ್ದೆ. ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಪೊರಕೆಯನ್ನು ಗೋಡೆಗೆ ಆನಿಸಿಟ್ಟು, ಉಟ್ಟ ಹಸಿರು ಸೀರೆಯಲ್ಲೇ ನಡೆದುಕೊಂಡು ಚಿಕ್ಕಮ್ಮನ ಮನೆಗೆ ಬಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಸೀರೆಯನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟೆ. ಆಗಲೇ ಎರಡು ವರ್ಷವಾಗಿತ್ತು.

ಹತ್ತಿಯನ್ನು ಹೊಸೆದು ಬತ್ತಿ ಮಾಡಿ, ರಾಳವನ್ನು ಎಣ್ಣೆಯಲ್ಲಿ ಕುದಿಸಿ ಅಂಟು ಮಾಡಿ, ಮೊಂಡ ಉಳಿಯಿಂದ ಸಂದಿಗೆ ತುರುಕಿ, ಕೊಡತಿಯಿಂದ ಬಡಿದೆ. ಒಂದು ಪದರ ಸಾಲದೆಂದು ಎರಡು, ಎರಡು ಸಾಲದೆಂದು ಮೂರು. ಆಗಾಗ ದೋಣಿಯ ಕೆಳಗೆ ನುಸುಳಿ ನೋಡುತ್ತಿದ್ದೆ. ದಿನಕ್ಕೆ ಎರಡು ಗೆರೆ, ಮೂರು ಗೆರೆ ಆರುತ್ತ ಬಂದವು. ಎಂಟನೆಯ ದಿನ ಒಳಗೆ ಗವ್ವೆನ್ನುವ ಕತ್ತಲೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬೀರಜ್ಜ ಪ್ರತಿದಿನ ಮಧ್ಯಾಹ್ನ ಬಂದು ತೆಂಗಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಮೂರನೆಯ ದಿನ ಬಾಯಿ ಬಿಟ್ಟ.

"ಹಂಗೆ ಬಡಿಬ್ಯಾಡ್ದು."

"ಮತ್ತೆ ಹೆಂಗೆ ಅಜ್ಜ?"

"ಮುಳುಗಿಸಿಡುದು ಅದನ್ನ."

ಚಿಕ್ಕಮ್ಮ ಕೈಯಲ್ಲಿದ್ದ ಎಣ್ಣೆಯ ಕರಟವನ್ನು ಕುಕ್ಕಿದಳು. ನೀರಿಗಿಳಿಯದ ದೋಣಿಯ ಎದುರಿಗೆ ಆ ಮಾತನ್ನು ಯಾರೂ ಆಡುವುದಿಲ್ಲ. ಗರ್ಭಿಣಿಯ ಎದುರಿಗೆ ಕೆಲವು ಮಾತು ಆಡುವುದಿಲ್ಲವಲ್ಲ, ಹಾಗೆ. "ಬೀರಣ್ಣ, ನಿಂಗೆ ಮಳ್ಳು ಹಿಡದದ್ಯಾ? ದೀಪ ಹಚ್ಚಲಿಲ್ಲ, ಕಾಯಿ ಒಡಿಲಿಲ್ಲ, ಆಗಲೇ ಇಂಥ ಮಾತಾ?"

"ಇದ್ದದ್ದು ಹೇಳ್ದೆ."

"ಎಂತಕೆ ಮುಳುಗಿಸುದು? ಅದಾರೂ ಹೇಳು."

ಅಜ್ಜ ತಲೆ ಕೆರೆದುಕೊಂಡ. ಹೊಳೆ ಕಡೆ ನೋಡಿದ. "ಎಂತಕೆ ಅಂದ್ರೆ... ಮುಳುಗಿಸುದು. ಅಷ್ಟೇಯ. ಏಳು ದಿನ" ಅಂದ.

ಅವನು ಹೋದ ಮೇಲೆ ಹೊನ್ನಿ, "ಕೊಟ್ಟದ್ದಕ್ಕೆ ಹೊಟ್ಟೆ ಉರಿ ಅಜ್ಜಂಗೆ. ತನಗೆ ಇಲ್ಲದ್ದು ನಮಗೂ ಬ್ಯಾಡ ಅಂತ" ಅಂದಳು. ಚಿಕ್ಕಮ್ಮ ಉಪ್ಪು, ಮೆಣಸು ತಂದು ದೋಣಿಗೆ ದೃಷ್ಟಿ ತೆಗೆದಳು. ನಲವತ್ತು ವರ್ಷ ಹೊಳೆಯ ಮೇಲಿದ್ದ ಮನುಷ್ಯ ತನ್ನ ಕೆಲಸಕ್ಕೆ ಕಾರಣ ಹೇಳಲಾರದೆ ತಡವರಿಸಿದ್ದು ನನಗೆ ವಿಚಿತ್ರವಾಗಿ ಕಂಡಿತ್ತು. ಆದರೆ ನನ್ನ ಕೈಯಲ್ಲಿ ಕೊಡತಿ ಇತ್ತು, ಗೆರೆಗಳು ಆರುತ್ತಿದ್ದವು. ಆ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಅಮಾವಾಸ್ಯೆಗೆ ಹನ್ನೊಂದು ದಿನ ಇದೆ ಅನ್ನುವಾಗ ದೋಣಿಯನ್ನು ಕೊಲ್ಲಿಯ ಶಾಂತ ನೀರಿಗೆ ಇಳಿಸಿದೆವು. ಕೊಲ್ಲಿ ಎಂದರೆ ಹೊಳೆಯಿಂದ ನಮ್ಮ ಕೇರಿಯ ಹಿಂಭಾಗಕ್ಕೆ ಚಾಚಿದ್ದ ಒಂದು ತೋಳು. ಒಂದು ಹನಿ ನೀರು ಒಳಗೆ ಬರಲಿಲ್ಲ. ಚಿಕ್ಕಮ್ಮ ನನ್ನ ಕೆನ್ನೆ ಹಿಂಡಿದಳು. ಹೊನ್ನಿ ಒಳಗೆ ಕೂತು, ಕಾಲು ಚಾಚಿ, ಪರಮಯ್ಯನ ಹಾಗೆ ಎಲೆ ಜಗಿಯುವ ನಟನೆ ಮಾಡುತ್ತ "ಬಂದ್ನಲ್ಲ! ಎಂತಕೆ ಕೂಗುದು?" ಅಂದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೋಣಿಯನ್ನು ಗೂಟಕ್ಕೆ ಕಟ್ಟಿ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ದೋಣಿ ಒಂದು ಕಡೆ ವಾಲಿತ್ತು. ಎಡಗಡೆಯ ಎರಡು ಹಲಗೆಗಳು ಉಬ್ಬಿ, ಮೊಳೆಗಳನ್ನು ಕಿತ್ತುಕೊಂಡು ಹೊರಗೆ ಚಾಚಿದ್ದವು. ಅರ್ಧ ದೋಣಿಯ ತುಂಬ ನೀರು. ಸಂದುಗಳಲ್ಲಿ ನನ್ನ ಹತ್ತಿ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿ, ಅಲುಗದೆ ಕೂತಿತ್ತು.

ಆಗ ನನಗೆ ಗೊತ್ತಾಯಿತು. ಆರು ವರ್ಷ ಒಣಗಿದ ಮರ ನೀರು ಕಂಡ ಕೂಡಲೇ ಕುಡಿಯುತ್ತದೆ, ಕುಡಿದು ಹಿಗ್ಗುತ್ತದೆ. ಹಿಗ್ಗುವುದಕ್ಕೆ ಅದಕ್ಕೆ ಜಾಗ ಬೇಕು. ಆ ಜಾಗವನ್ನೆಲ್ಲ ನಾನು ಬಡಿದು ತುಂಬಿಬಿಟ್ಟಿದ್ದೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಮ್ಮ ದಡದಲ್ಲಿ ಕೂತು, "ಪರಮಯ್ಯನ ಮನೆಗೆ ನಾನೇ ಹೋತೆ. ನೀವು ಬರುದು ಬ್ಯಾಡ. ದೊಡ್ಡವಳು ನಾನು" ಅಂದಳು. ಅವಳ ಕುಳ್ಳ ಕಾಲುಗಳು ನೀರಿನಲ್ಲಿ ಇಳಿಬಿದ್ದಿದ್ದವು. ಗಲ್ಲದವರೆಗೆ ನೀರು ಬಂದ ಆ ಸಂಜೆ ನನ್ನ ಕಣ್ಣಿಗೆ ಕಟ್ಟಿತು.

"ಹೋಗುದು ಅಮಾಸೆ ದಿನ ನೋಡ್ಕಂಡ್ರಾತು" ಅಂದೆ. "ಇನ್ನೂ ಹತ್ತು ದಿನ ಅದೆ."

ಮೂವರೂ ಸೇರಿ ನೀರು ಮೊಗೆದು, ದೋಣಿಯನ್ನು ದಡಕ್ಕೆ ಎಳೆದೆವು. ಮರಗೆಲಸದ ಆಚಾರಿ ಬಂದು ಎರಡು ಹಲಗೆಗಳನ್ನು ಒತ್ತಿ ಕೂರಿಸಿ ಹೊಸ ಮೊಳೆ ಹೊಡೆದು, ತುಂಬಿದ್ದನ್ನೆಲ್ಲ ತೆಗೆಯದಿದ್ದರೆ ಮತ್ತೆ ಇದೇ ಗತಿ ಎಂದು ಹೇಳಿ ಹೋದ. ನಾನು ಎಂಟು ದಿನ ತುಂಬಿದ್ದನ್ನು ಕೊಕ್ಕೆಯಿಂದ ಕೆರೆದು ಕೆರೆದು ತೆಗೆಯತೊಡಗಿದೆ. ಹತ್ತಿ ಬಂತು, ರಾಳ ಬಂತು. ಆಳಕ್ಕೆ ಹೋದಾಗ, ನನ್ನ ಹತ್ತಿಗಿಂತ ಹಿಂದೆ, ಬೇರೆ ಏನೋ ಬಂತು. ಬಟ್ಟೆಯ ಚೂರು. ಎಣ್ಣೆ ಕುಡಿದು ಮರದಷ್ಟೇ ಕಪ್ಪಾಗಿ, ಒಣಗಿ ಮುದುಡಿ ಹಲಗೆಯ ಅಂಚಿಗೆ ಅಂಟಿಕೊಂಡಿದ್ದರಿಂದ ತುಂಬುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೆರಳಿನಿಂದ ಉಜ್ಜಿದರೆ ಕೆಂಪು ಕಂಡಿತು, ಕೆಂಪಿನ ಮೇಲೆ ಸಣ್ಣ ಹಳದಿ ಚೌಕಳಿ. ಇನ್ನೊಂದು ಸಂದಿನಲ್ಲಿ ನೀಲಿ. ಮತ್ತೊಂದರಲ್ಲಿ ಸೀರೆಯ ಅಂಚು, ಎರಡು ಬೆರಳಗಲ, ಉದ್ದಕ್ಕೆ ಹರಿದದ್ದು. ಒಂದರ ಕೆಳಗೆ ಒಂದು. ಒಂದೊಂದು ವರ್ಷದ್ದು ಇರಬೇಕು. ಯಾವುದನ್ನೂ ಬಿಗಿಯಾಗಿ ತುರುಕಿರಲಿಲ್ಲ. ಮಗುವಿಗೆ ಹೊದೆಸಿದ ಹಾಗೆ ಸುಮ್ಮನೆ ಹಾಸಿತ್ತು.

ಮಧ್ಯಾಹ್ನ ಬೀರಜ್ಜ ಬಂದಾಗ ನಾನು ಒಬ್ಬಳೇ ಇದ್ದೆ. ಆ ಚೂರುಗಳನ್ನು ಅವನ ಮುಂದೆ ಹಾಸಿದೆ. ಅವನು ಕೆಂಪು ಚೂರನ್ನು ಎತ್ತಿಕೊಂಡು ಎರಡು ಬೆರಳಿನ ನಡುವೆ ಹಿಡಿದ.

"ಇದು ಮಂಕಾಳಿದು. ನಮ್ಮ ದೊಡ್ಡವ ಹುಟ್ಟಿದ ವರ್ಷದ್ದು" ಅಂದ.

"ಸಂದು ತುಂಬ್ತಿದ್ದದ್ದು ಅವರೇಯಾ?"

"ತುಂಬ್ತಿದ್ದದ್ದೂ ಅದೇಯ. ಮುಳುಗಿಸ್ತಿದ್ದದ್ದೂ ಅದೇಯ." ನಮ್ಮ ಕಡೆ ಹೆಂಡತಿಯನ್ನು ಅದು ಎಂದೇ ಕರೆಯುವುದು, ಅದರಲ್ಲಿ ಸಲಿಗೆಯೇ ಹೊರತು ತಾತ್ಸಾರ ಇಲ್ಲ. ಅಜ್ಜ ಸುತ್ತ ನೋಡಿ, ದನಿ ಇಳಿಸಿದ. "ಹುಟ್ಟು ಹಾಕ್ತಿದ್ದದ್ದೂ ಅದೇಯ."

ನನಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ನಂಗೆ ನೀರಿನ ಮೇಲೆ ಹೋದ್ರೆ ತಲೆ ತಿರುಗ್ತದೆ ಮಗಾ. ಹುಟ್ಟಿದಾಗಿಂದ ಹಂಗೇಯ. ಕಣ್ಣು ಕತ್ತಲೆ ಬತ್ತದೆ, ವಾಂತಿ ಬತ್ತದೆ. ಅಂಬಿಗನ ಹೊಟ್ಟೆಲಿ ಹುಟ್ಟಿ ಯಾರ ಹತ್ರ ಹೇಳುದು? ಮದುವೆ ಆದ ತಿಂಗಳಲ್ಲೇ ಅದಕ್ಕೆ ಗೊತ್ತಾತು. ನಗಾಡ್ಲಿಲ್ಲ. 'ನೀ ಮುಂದೆ ಕೂತ್ಕೋ, ಕಣ್ಣು ಮುಚ್ಕೋ' ಅಂತು. ಬೆಳಗಾಪುದ್ರೊಳಗೆ ಹೋಗಿ ಬರುದು. ದಡ ಹತ್ರ ಬಂದಾಗ ಅದು ಹುಟ್ಟು ಒಳಗೆಳಕಂಡು ತಲೆ ಮೇಲೆ ಸೆರಗು ಹಾಕಿ ಕೂರುದು. ನಾ ಗಳ ಹಿಡಕಂಡು ಎದ್ದು ನಿಲ್ಲುದು. ಊರೆಲ್ಲ, ಬೀರಪ್ಪ ಬಂದ, ಬೀರಪ್ಪ ಬಂದ ಅಂತಿತ್ತು."

"ನಲವತ್ತು ವರ್ಷವಾ?"

"ನಲವತ್ತು ವರ್ಷ." ಅವನು ಆ ಚೂರನ್ನು ಮಡಿಚಿದ. "ಎಂತಕೆ ಮುಳುಗಿಸುದು ಅಂತ ನಿನ್ನ ಚಿಕ್ಕಮ್ಮ ಕೇಳ್ತಲ್ಲ, ನಂಗೆಲ್ಲಿ ಗೊತ್ತು? ನಾ ದಡದಾಗೆ ಕೂತು ನೋಡಿದ್ದಷ್ಟೇ. ಸೀರೆ ಹರಿದು ಸಡಿಲ ಹಾಕುದು, ಎಣ್ಣೆ ಹಚ್ಚುದು, ಕಲ್ಲು ಹೇರಿ ಮುಳುಗಿಸುದು. ಏಳು ದಿನ. ಅದು ಕಾರಣ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ನಾನು ಒಂದು ಪ್ರಶ್ನೆ ಕೇಳಬೇಕೆಂದುಕೊಂಡೆ, ಅದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನೇ ಉತ್ತರ ಕೊಟ್ಟ. "ಒಂದಿನ ಎಲ್ಲರೆದುರು ಹೇಳ್ಬೇಕು ಅಂತಿದ್ದೆ, ಅದು ಬದುಕಿದ್ದಾಗ. ನಾಳೆ ಹೇಳ್ವ, ನಾಳೆ ಹೇಳ್ವ ಅಂತ್ಲೇ ದಿನ ಹೋತು."

ಅಂದು ಸಂಜೆ ಚಿಕ್ಕಮ್ಮನಿಗೂ ಹೊನ್ನಿಗೂ ನಾನು ಹೇಳಿದ್ದು ಇಷ್ಟೇ: ಅಜ್ಜನ ಮಾತು ನಿಜ, ಮುಳುಗಿಸಬೇಕು. ಉಳಿದದ್ದು ನನ್ನದಲ್ಲ, ಅದನ್ನು ನಾನು ಇಟ್ಟುಕೊಂಡೆ. ಚಿಕ್ಕಮ್ಮ ಕೇಳಲು ಸಿದ್ಧಳಿರಲಿಲ್ಲ. "ಕೈಯಾರೆ? ನಾವೇ ಕೈಯಾರೆ?" ಅನ್ನುತ್ತಿದ್ದಳು. ಕೊನೆಗೆ ನಾನು ಅವಳನ್ನು ದೋಣಿಯ ಹತ್ತಿರ ಕರೆದುಕೊಂಡು ಹೋಗಿ, ಉಬ್ಬಿದ್ದ ಹಲಗೆಯ ಮೇಲೆ ಅವಳ ಕೈ ಇಟ್ಟು, "ಇದಕ್ಕೆ ಬಾಯಾರಿಕೆ ಚಿಕ್ಕಮ್ಮ. ಆರು ವರ್ಷದ ಬಾಯಾರಿಕೆ" ಅಂದೆ. ಅವಳು ಕೈ ತೆಗೆಯಲಿಲ್ಲ.

ಮರುದಿನ ಸೀರೆ ಹರಿಯಲು ಕೂತೆವು. ಚಿಕ್ಕಮ್ಮ ತನ್ನ ಎರಡು ಹಳೆಯ ಸೀರೆ ತಂದಳು. ಹೊನ್ನಿ ಒಂದು ತಂದು, "ಇದು ನಮ್ಮತ್ತೆ ಕೊಟ್ಟದ್ದು. ನೀರು ತಡಿತದೆ, ಭಾರೀ ಗಟ್ಟಿ ಹೆಂಗಸು" ಅಂದಳು. ಮೂರೂ ಮುಗಿದವು, ಇನ್ನೂ ಬಾಲದ ಕಡೆಯ ನಾಲ್ಕು ಸಂದು ಉಳಿದವು. ನಾನು ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಹಸಿರು ಸೀರೆಯನ್ನು ತೆಗೆದೆ. ಮಡಿಕೆಗಳಲ್ಲಿ ಬಣ್ಣ ಮಾಸಿತ್ತು. ಹೊನ್ನಿ ಏನೋ ಹೇಳಲು ಬಾಯಿ ತೆರೆದವಳು ಚಿಕ್ಕಮ್ಮನ ಮುಖ ನೋಡಿ ಎಣ್ಣೆಯ ಕರಟವನ್ನು ನನ್ನ ಕಡೆ ಸರಿಸಿದಳು. ಅಂಚಿಗೆ ಹಲ್ಲು ಹಚ್ಚಿ ಎಳೆದೆ. ಚರ್ರೆಂದು ಹರಿಯಿತು. ಆ ಸದ್ದು ಅಷ್ಟು ಹಗುರವಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಈ ಸಲ ಬಡಿಯಲಿಲ್ಲ. ರಾಳದ ಎಣ್ಣೆಯಲ್ಲಿ ಅದ್ದಿ, ಬೆರಳಿನಿಂದ ಹಾಸುತ್ತ ಹೋದೆ. ಮುಗಿದ ಮೇಲೆ ದೋಣಿಯ ಕೆಳಗೆ ನುಸುಳಿದೆ. ಬೆಳಕು ಇನ್ನೂ ಇತ್ತು, ಕೂದಲೆಳೆಯಷ್ಟು. ಅದನ್ನು ಹಾಗೇ ಬಿಡುವುದಕ್ಕೆ ನಾನು ನನ್ನ ಎರಡೂ ಕೈಗಳನ್ನು ಎದೆಯ ಮೇಲೆ ಬಿಗಿದುಕೊಂಡು ಮಲಗಬೇಕಾಯಿತು.

ಅಮಾವಾಸ್ಯೆಗೆ ಏಳು ದಿನ ಇರುವಾಗ ಕೊಲ್ಲಿಯ ಗುಂಡಿಯಲ್ಲಿ ದೋಣಿಯನ್ನು ನಿಲ್ಲಿಸಿ, ಕೆಂಪು ಕಲ್ಲುಗಳನ್ನು ಒಂದೊಂದಾಗಿ ಹೇರಿದೆವು. ಸೊಂಟದವರೆಗೆ ನೀರಿನಲ್ಲಿ ನಿಂತು ಹೊನ್ನಿಯೂ ನಾನೂ ಬದಿಯನ್ನು ಒತ್ತಿದೆವು. ನೀರು ಮೊದಲು ಅನುಮಾನಿಸಿದಂತೆ ಅಂಚಿನಲ್ಲಿ ನಿಂತು, ಆಮೇಲೆ ಒಮ್ಮೆಲೇ ಒಳಗೆ ನುಗ್ಗಿತು. ಚಿಕ್ಕಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ಗುಳುಗುಳು ಸದ್ದು ನಿಂತ ಮೇಲೆ ತಿರುಗಿ, ನೀರಿನ ಮೇಲೆ ಉಳಿದಿದ್ದ ಗೇಣುದ್ದ ಮೂತಿಗೆ ಒಂದು ದಾಸವಾಳ ಇಟ್ಟಳು.

ಆ ಏಳು ದಿನ ಬೀರಜ್ಜ ನಮಗೆ ಹುಟ್ಟು ಹಾಕುವುದನ್ನು ಕಲಿಸಿದ. ದಡದಲ್ಲಿ, ಒಣ ಮರಳಿನ ಮೇಲೆ ಕೂತು. "ಮಂಕಾಳಿ" ಎಂದು ಹೊರಟ ಮಾತನ್ನು ಚಿಕ್ಕಮ್ಮನ ಎದುರಿಗೆ ನುಂಗಿ, "ಹಿಂಗೆ ಕೂತ್ಕಳುದು" ಅನ್ನುತ್ತಿದ್ದ. ಎಡಗಾಲು ಮಡಿಚಿ, ಬಲಗಾಲು ಚಾಚಿ, ಸೆರಗು ಸಿಕ್ಕಿಸುವಂತೆ ಕೈಯನ್ನು ಒಮ್ಮೆ ಸೊಂಟಕ್ಕೆ ತಂದು, ಆಮೇಲೆ ಹುಟ್ಟು ಹಿಡಿಯುತ್ತಿದ್ದ.

"ಅಜ್ಜ, ನಿಂಗೆ ಸೆರಗೆಲ್ಲದೆ?" ಅಂತ ಹೊನ್ನಿ ನಕ್ಕಳು.

"ನೀ ಬಾಯಿ ಮುಚ್ಕಂಡು ಎಳಿ. ತೋಳಾಗೆ ಅಲ್ಲ, ಬೆನ್ನಾಗೆ."

ನಾನು ನಗಲಿಲ್ಲ. ಬೇರೆ ಯಾರೋ ಒಬ್ಬರು ನಲವತ್ತು ವರ್ಷ ಕೂತ ಬಗೆಯನ್ನು ಅವನು ಒಂದಿಷ್ಟೂ ಬಿಡದೆ ಕೂತು ತೋರಿಸುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದವನು ಇಷ್ಟೆಲ್ಲ ನೋಡಿದ್ದು ಯಾವಾಗ?

ಅಮಾವಾಸ್ಯೆಯ ನಸುಕಿನ ಇಳಿತದಲ್ಲಿ ದೋಣಿಯ ಅಂಚು ತಾನಾಗಿ ಮೇಲೆ ಕಂಡಿತು. ಕಲ್ಲುಗಳನ್ನು ತೆಗೆದು, ನೀರು ಮೊಗೆದು ಹಾಕಿದೆವು. ಭರತ ಏರಿದಂತೆ ದೋಣಿ ಮೈ ಕೊಡವಿಕೊಂಡು ಎದ್ದು ನಿಂತಿತು. ಚಿಕ್ಕಮ್ಮ ದೀಪ ಹಚ್ಚಿದಳು, ಕಾಯಿ ಒಡೆದಳು. ನಾನು ಒಳಗೆ ಇಳಿದು ತಳಕ್ಕೆ ಅಂಗೈ ಒತ್ತಿದೆ. ಒದ್ದೆ ಇತ್ತು. ಸೆರಗಿನಿಂದ ಒರೆಸಿ ಮತ್ತೆ ಒತ್ತಿ, ಮನಸ್ಸಿನಲ್ಲೇ ನೂರರವರೆಗೆ ಎಣಿಸಿದೆ. ಅಂಗೈ ಒಣಗಿಯೇ ಬಂತು.

ಮಧ್ಯಾಹ್ನ ಊಟ ಮಾಡಿ ಹೊರಟೆವು. ನಾನೂ ಹೊನ್ನಿಯೂ ಹುಟ್ಟಿಗೆ, ಚಿಕ್ಕಮ್ಮ ಮೂತಿಯಲ್ಲಿ. ದೋಣಿ ಮೊದಲು ಎರಡು ಸುತ್ತು ತಿರುಗಿತು. ದಡದ ಮೇಲೆ ಯಾರೋ ಸಿಳ್ಳೆ ಹಾಕಿದರು. ಬೆನ್ನಿನಿಂದ ಎಳೆಯಬೇಕೆನ್ನುವುದು ನೆನಪಾದ ಮೇಲೆ ನೆಟ್ಟಗೆ ಹೋಯಿತು. ನಾವು ಮುಟ್ಟುವಷ್ಟರಲ್ಲಿ ದಿಬ್ಬದ ಒಳ್ಳೊಳ್ಳೆ ಜಾಗದಲ್ಲೆಲ್ಲ ಕೋಲು ನಿಂತಿದ್ದವು. ನಮಗೆ ಉಳಿದದ್ದು ಸಮುದ್ರದ ಕಡೆಯ ಕೊನೆ. ಸೆಳೆತ ಹೆಚ್ಚೆಂದು ಪರಮಯ್ಯ ಯಾವತ್ತೂ ಆ ಕಡೆಗೆ ದೋಣಿ ತಿರುಗಿಸುತ್ತಿರಲಿಲ್ಲ. ಚಿಕ್ಕಮ್ಮ ಅಲ್ಲಿ ನಮ್ಮ ಕೋಲು ನೆಟ್ಟು, ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿ ನೋಡಿದಳು. ಯಾರೂ ಕೆದಕದ ಮರಳು ಅದು. ಕೈ ಹಾಕಿದಲ್ಲೆಲ್ಲ ಬಳಚು. ಬುಟ್ಟಿಗಳು ತುಂಬಿದ್ದೇ ಗೊತ್ತಾಗಲಿಲ್ಲ.

ಸೂರ್ಯ ಇಳಿಯುವಾಗ ನೀರು ತಿರುಗಿತು. ಬುಟ್ಟಿಗಳನ್ನೆಲ್ಲ ದೋಣಿಗೆ ಏರಿಸಿ ನಾವು ಹೊರಡುವಷ್ಟರಲ್ಲಿ ದಿಬ್ಬ ಮುಳುಗತೊಡಗಿತ್ತು. ದಿಬ್ಬದ ನಡುವೆ ನಮ್ಮ ಕೇರಿಯ ನಾಲ್ವರು ಹೆಂಗಸರು ಬುಟ್ಟಿ ಹೊತ್ತು ನಿಂತಿದ್ದರು. ನೀರು ಅವರ ಮೊಣಕಾಲಿಗೆ ಬಂದಿತ್ತು. ಬೇರೆ ದೋಣಿಗಳೆಲ್ಲ ಹೋಗಿಯಾಗಿತ್ತು. ಪರಮಯ್ಯನ ದೋಣಿ ಆಚೆ ದಡದಲ್ಲಿ ಕಟ್ಟಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಅವರು ನಮ್ಮನ್ನು ಕರೆಯಲಿಲ್ಲ. ನಾವು ಪರಮಯ್ಯನ ದೋಣಿ ಬಿಟ್ಟು ಬಂದಾಗ ಅವರೂ ನಕ್ಕವರೇ.

"ತಿರುಗಿಸು" ಅಂದಳು ಚಿಕ್ಕಮ್ಮ.

"ಚಿಕ್ಕಮ್ಮ, ಏಳು ಜನ, ಏಳು ಬುಟ್ಟಿ. ಮೊದಲ ದಿನ" ಅಂದೆ.

"ಮೊದಲ ದಿನಾನೇಯ. ತಿರುಗಿಸೇ."

ಅವರು ಹತ್ತಿದಂತೆ ದೋಣಿ ತಗ್ಗುತ್ತ ಬಂತು. ನಮ್ಮ ಮೂರು ಬುಟ್ಟಿಗಳಲ್ಲಿ ಅರ್ಧದಷ್ಟನ್ನು ಹೊಳೆಗೆ ಸುರಿದೆವು. ಆದರೂ ಅಂಚಿಗೂ ನೀರಿಗೂ ನಾಲ್ಕು ಬೆರಳಿನ ಅಂತರ. ನನ್ನ ಕಾಲಿನ ಹತ್ತಿರ, ಹಸಿರು ಚೂರು ಹಾಸಿದ್ದ ಸಂದಿನಲ್ಲಿ, ಸಾಸಿವೆ ಕಾಳಿನಂಥ ಒಂದು ಹನಿ ಮೂಡಿತು. ಪಕ್ಕದಲ್ಲಿ ಇನ್ನೊಂದು. ನಾನು ಹುಟ್ಟು ಎಳೆಯುತ್ತ ಅದನ್ನೇ ನೋಡುತ್ತಿದ್ದೆ. ಹಲಗೆ ಒಂದು ಸಲ ಕಿರ್ರೆಂದಿತು, ನಿದ್ದೆಯಲ್ಲಿ ಮಗ್ಗುಲಾದವರ ಹಾಗೆ. ಎರಡು ಹನಿಗಳು ಕೂಡಿ ಒಂದು ತೇವದ ಗೆರೆಯಾಯಿತು. ಗೆರೆ ಅಷ್ಟಕ್ಕೇ ನಿಂತಿತು.

ದಡದಲ್ಲಿ ಜನ ಸೇರಿದ್ದರು. ಬಾಯಲ್ಲಿ ಎಲೆ ತುಂಬಿಕೊಂಡು ಪರಮಯ್ಯನೂ ನಿಂತಿದ್ದ. ಬೀರಜ್ಜ ಪಂಚೆ ಎತ್ತಿ ಕಟ್ಟಿ, ಗಳ ಹಿಡಿದು, ಮೊಣಕಾಲುದ್ದ ನೀರಿಗೆ ಇಳಿದು ಬಂದು ದೋಣಿಯ ಮೂತಿ ಹಿಡಿದ. ಅದನ್ನು ನೋಡಿ ಯಾರೋ, "ಬೀರಪ್ಪನ ದೋಣಿ ಅಲ್ವಾ! ಗುರು ಗಟ್ಟಿ ಇದ್ರೆ ಹೆಂಗಸರೂ ಹುಟ್ಟು ಹಾಕ್ತಾರೆ ನೋಡು" ಅಂದರು.

ಅಜ್ಜ ಗಳವನ್ನು ಮರಳಿಗೆ ಚುಚ್ಚಿದ.

"ನಾ ಗುರು ಅಲ್ಲ" ಅಂದ. ಎಲ್ಲರಿಗೂ ಕೇಳುವ ಹಾಗೆ ಅಂದ. "ನಾ ಒಂದಿನಾನೂ ಈ ದೋಣಿ ನಡಸಲಿಲ್ಲ. ನಂಗೆ ನೀರು ಕಂಡ್ರೆ ತಲೆ ತಿರುಗ್ತದೆ. ನಲವತ್ತು ವರ್ಷ ಹುಟ್ಟು ಹಾಕಿದ್ದು ನನ್ನ ಹೆಂಡ್ತಿ. ಮಂಕಾಳಿ."

ಪರಮಯ್ಯ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವನ ದೋಣಿಯ ನಾಲ್ವರು ಹೆಂಗಸರು ನಮ್ಮ ದೋಣಿಯಿಂದ ಒಬ್ಬೊಬ್ಬರಾಗಿ ಇಳಿದು, ಅವನ ಪಕ್ಕದಲ್ಲೇ ಹಾದು, ಬುಟ್ಟಿ ಹೊತ್ತು ನಡೆದರು. ಅವನು ಆ ಬಾಯನ್ನು ಹಾಗೇ ಮುಚ್ಚಿಕೊಂಡ. ಚಿಕ್ಕಮ್ಮ ಕೊನೆಗೆ ಇಳಿದವಳು, ಬೀರಜ್ಜನ ಹೆಗಲ ಮೇಲೆ ಕೈಯಿಟ್ಟು, "ಹಂಗಾರೆ ಮಂಕಾಳಿ ದೋಣಿ ಅನ್ನುದು ಇದಕ್ಕೆ. ಬೇರೆ ಹೆಸರು ಹುಡುಕುದು ಬ್ಯಾಡ" ಅಂದಳು. ಅವನು ತಲೆ ಅಲ್ಲಾಡಿಸಿದ, ಗಳವನ್ನು ಮಾತ್ರ ಬಿಡಲಿಲ್ಲ.

ಈಗ ಬೀರಜ್ಜನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಸಮುದ್ರದ ಕಡೆಯ ಕೊನೆಯಲ್ಲಿ ಪ್ರತಿವರ್ಷ ನಮ್ಮ ಕೋಲು ನಿಲ್ಲುತ್ತದೆ. ಮಳೆ ಮುಗಿದ ಕೂಡಲೇ ನಾನು ದೋಣಿಯ ಕೆಳಗೆ ನುಸುಳುತ್ತೇನೆ. ಮಂಡಿ ಮೊದಲಿನ ಹಾಗೆ ಮಡಚುವುದಿಲ್ಲ, ಹೊನ್ನಿ ಹೊರಗೆ ನಿಂತು ಏನಾದರೂ ಅನ್ನುತ್ತಾಳೆ. ಹಳೆಯ ಚೂರುಗಳ ಮೇಲೆ ಆ ವರ್ಷದ ಚೂರು ಹಾಸಿ, ಅಂಗಾತ ಮಲಗಿ ಮೇಲೆ ನೋಡುತ್ತೇನೆ. ಕತ್ತಲೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಕಾಣಿಸುತ್ತವೆ. ಅವುಗಳಲ್ಲಿ ಒಂದು ಬಂದು ನನ್ನ ಅಂಗೈಯ ಮೇಲೆ ಬೀಳುತ್ತದೆ. ಕೈ ಮುಚ್ಚದೆ ಹಾಗೇ ಸ್ವಲ್ಪ ಹೊತ್ತು ಮಲಗಿರುತ್ತೇನೆ.